ಹಿಟ್ಟಿನ ಕೋಳಿಯೂ ಶಿಲುಬೆಯೂ: ಕ್ರೈಸ್ತರ ‘ರಕ್ಷಣೆ’ಯನ್ನು ಕುರಿತು

ಶಿರಸಿಗೆ ಸಮೀಪದ ಸೋಂದೆಯಲ್ಲಿ ಮೂರು ಮಠಗಳಿವೆ. ಭಟ್ಟಾಕಲಂಕ ಎಂಬ ಪರಂಪರಾಗತ ಹೆಸರಿನ ಭಟ್ಟಾರಕರು ಪೀಠಸ್ಥರಾಗುವ ಸ್ವಾದಿಯ ದಿಗಂಬರ ಜೈನ ಮಠ ಒಂದು. ಉಡುಪಿಯ ಅಷ್ಟಮಠಗಳಲ್ಲಿ ಸೇರಿದ, ವಾದಿರಾಜರ ವೃಂದಾವನವಿರುವ ಸೋದೆ ಮಠ ಇನ್ನೊಂದು. ಹವ್ಯಕರ ಗುರುಪೀಠವಾದ ಅದ್ವೈತದ ಸ್ವರ್ಣವಲ್ಲೀ ಮಠ ಮತ್ತೊಂದು. ಮೂರೂ ಕಡೆ ಮೋಕ್ಷವೆಂಬ ಪದ ಬಳಕೆಯಲ್ಲಿದೆ. ಮೂರೂ ಕಡೆ ಅದರ ಅರ್ಥ ಬೇರೆ. ಕರ್ಮಪುದ್ಗಲವೆಲ್ಲ ಕಳಚಿಹೋದ ಮೇಲೆ ಜೀವವು ತನ್ನ ಸ್ವಭಾವದಲ್ಲಿ ನಿಲ್ಲುವುದು ಜೈನರ ಮೋಕ್ಷ. ವಿಷ್ಣುವಿನ ಪ್ರಸಾದದಿಂದ ದೊರೆಯುವ, ಜೀವಜೀವಕ್ಕೂ ತಾರತಮ್ಯವುಳ್ಳ ಸ್ವರೂಪಾನಂದ ಮಾಧ್ವರದು. ಅವಿದ್ಯೆ ತೊಲಗಿದಾಗ ತಾನು ಎಂದೂ ಬದ್ಧನಾಗಿರಲೇ ಇಲ್ಲವೆಂದು ತಿಳಿಯುವುದು ಅದ್ವೈತಿಗಳದು. ಒಬ್ಬರದು ಸಾಧಿಸಿದ್ದು, ಒಬ್ಬರದು ದೊರೆತದ್ದು, ಒಬ್ಬರದು ಇದ್ದೇ ಇದ್ದದ್ದು.

ಹೀಗಿರುವಲ್ಲಿ, ಎಲ್ಲ ಧರ್ಮಗಳ ಗುರಿಯೂ ಮೋಕ್ಷವೇ ಎಂಬ ವಾಕ್ಯ ಸೋಂದೆಯ ಎಲ್ಲೆಯೊಳಗೇ ನಿಲ್ಲುವುದಿಲ್ಲ. ವಾನಳ್ಳಿಯಂತಹ ಘಟ್ಟದಂಚಿನ ಅಡಕೆತೋಟದ ಊರುಗಳಿಂದ ಶಿರಸಿಯ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಈ ಮೂರು ಮಠಗಳೂ ಕಣ್ಣಳವಿನಲ್ಲಿವೆ. ಆದರೂ ಮಿಶನರಿ ಸಾಹಿತ್ಯವನ್ನು ಕುರಿತ ಪ್ರಬಂಧಗಳಲ್ಲಿ ‘ಕ್ರೈಸ್ತಧರ್ಮದಲ್ಲಿ ಮೋಕ್ಷದ ಕಲ್ಪನೆ’ ಎಂಬ ಶೀರ್ಷಿಕೆ ಎಗ್ಗಿಲ್ಲದೆ ಬರುತ್ತದೆ. ಸೌಹಾರ್ದದ ದೃಷ್ಟಿಯಿಂದ ಅದು ಹಿತವಾಗಿ ಕೇಳಿಸಬಹುದು. ಸಂಶೋಧನೆಯ ದೃಷ್ಟಿಯಿಂದ ಅದು ಇಬ್ಬರಿಗೂ ಮಾಡುವ ಅನ್ಯಾಯ: ಕ್ರೈಸ್ತನು ಹೇಳದೆ ಇರುವುದನ್ನು ಅವನ ಬಾಯಲ್ಲಿ ಇಟ್ಟಂತೆ, ಜೈನನು ಹೇಳಿದ್ದನ್ನು ಅವನ ಬಾಯಿಂದ ಕಿತ್ತುಕೊಂಡಂತೆ.

ಬೈಬಲನ್ನು ಕನ್ನಡಿಸಿದವರು ಈ ವಿಷಯದಲ್ಲಿ ಹೆಚ್ಚು ಎಚ್ಚರದವರಾಗಿದ್ದರು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ಣ ಬೈಬಲು ಕನ್ನಡಕ್ಕೆ ಬಂದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಭಾಷಾಂತರವನ್ನು ಪರಿಷ್ಕರಿಸುವುದರಲ್ಲಿ ತೊಡಗಿದರು. ಈ ಪರಂಪರೆಯಲ್ಲಿ ನೆಲೆನಿಂತ ಪದ ‘ರಕ್ಷಣೆ’, ಕೊಡುವವನು ‘ರಕ್ಷಕ’. ಕಥೋಲಿಕರ ಬಳಕೆಯಲ್ಲಿ ‘ಉದ್ಧಾರ’ವೂ ‘ಉದ್ಧಾರಕ’ನೂ ಇದ್ದಾರೆ. ಗ್ರೀಕಿನ ‘ಸೋತೇರಿಯ’ ಎಂಬ ಮೂಲಪದಕ್ಕೆ ಅಪಾಯದಿಂದ ಪಾರುಮಾಡುವುದು, ಸ್ವಸ್ಥಗೊಳಿಸುವುದು ಎಂಬ ಅರ್ಥಗಳಿವೆ. ಯೇಸು ಎಂಬ ಹೆಸರಿನ ಹೀಬ್ರೂ ಮೂಲದಲ್ಲಿಯೇ ದೇವರು ಪಾರುಮಾಡುತ್ತಾನೆ ಎಂಬ ಅರ್ಥ ಅಡಗಿದೆ. ಮೋಕ್ಷವೆಂಬುದು ‘ಮುಚ್’ ಧಾತುವಿನಿಂದ ಬಂದದ್ದು. ಕಟ್ಟಿನಿಂದ ಕಳಚಿಕೊಳ್ಳುವುದು ಅದರ ಒಡಲಲ್ಲಿರುವ ಚಿತ್ರ. ಕಟ್ಟು ಕಳಚಿಕೊಳ್ಳುವುದಕ್ಕೆ ಎರಡನೆಯವನು ಬೇಕೆಂದಿಲ್ಲ. ನೀರಿನಲ್ಲಿ ಮುಳುಗುತ್ತಿರುವವನನ್ನು ಪಾರುಮಾಡುವುದಕ್ಕೆ ಇನ್ನೊಬ್ಬನು ಬೇಕೇ ಬೇಕು. ಭಾಷಾಂತರಕಾರರು ಮೋಕ್ಷವೆಂಬ ಸಿದ್ಧಪದವನ್ನು ನೆಚ್ಚಿಕೊಳ್ಳದೆ ರಕ್ಷಣೆಯನ್ನು ಹಿಡಿದದ್ದು ಶಬ್ದದಾರಿದ್ರ್ಯದಿಂದಲ್ಲ.

ಆದರೆ ಭಾಷಾಂತರದಲ್ಲಿ ಇದ್ದ ಎಚ್ಚರ ಖಂಡನಗ್ರಂಥಗಳಲ್ಲಿ ಉಳಿಯಲಿಲ್ಲ. ಇತರ ಧರ್ಮಗಳಲ್ಲಿ ಮನುಷ್ಯನು ತನ್ನ ಪ್ರಯತ್ನದಿಂದ ದೇವರನ್ನು ಮುಟ್ಟಲು ಹೆಣಗುತ್ತಾನೆ, ಕ್ರೈಸ್ತಧರ್ಮದಲ್ಲಿ ಮಾತ್ರ ದೇವರೇ ಮನುಷ್ಯನ ಬಳಿಗೆ ಇಳಿದುಬರುತ್ತಾನೆ ಎಂಬ ಸೂತ್ರವೊಂದು ಪ್ರಚಾರಸಾಹಿತ್ಯದಲ್ಲಿ ಇಂದಿಗೂ ಚಲಾವಣೆಯಲ್ಲಿದೆ. ಕೃಪೆಯೇ ಕ್ರೈಸ್ತಧರ್ಮದ ವ್ಯಾವರ್ತಕ ಲಕ್ಷಣವೆಂಬುದು ಅದರ ತಾತ್ಪರ್ಯ. ಈ ಸೂತ್ರ ಸೋದೆ ಮಠದ ಬಾಗಿಲಲ್ಲಿಯೇ ಮುಗ್ಗರಿಸುತ್ತದೆ. ಸಾಧನೆ ಎಷ್ಟಿದ್ದರೂ ವಿಷ್ಣುವಿನ ಪ್ರಸಾದವಿಲ್ಲದೆ ಮೋಕ್ಷವಿಲ್ಲವೆಂದು ಮಧ್ವರು ಹೇಳಿದರು; ಆ ಪ್ರಸಾದವೂ ಮುಖ್ಯಪ್ರಾಣನ ಮೂಲಕ ಬರುವುದೆಂದರು. ಇದನ್ನು ಕಂಡು ಗ್ರಿಯರ್ಸನ್‌ರಂತಹ ಪಾಶ್ಚಾತ್ಯ ವಿದ್ವಾಂಸರು ಮಧ್ವಮತದ ಮೇಲೆ ಕ್ರೈಸ್ತಪ್ರಭಾವವನ್ನೇ ಊಹಿಸಿದರು. ಕೃಪೆ ಎಲ್ಲಿ ಕಂಡರೂ ಅದು ತಮ್ಮಲ್ಲಿಂದಲೇ ಹೋಗಿರಬೇಕೆಂಬ ಈ ಭಾವನೆಗೆ ಆಧಾರ ದೊರೆಯಲಿಲ್ಲ. ಶ್ರೀವೈಷ್ಣವರು ಇನ್ನೂ ಮುಂದೆ ಹೋದರು. ಮರಿಕೋತಿ ತಾಯಿಯನ್ನು ತಾನೇ ಅಪ್ಪಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಜೀವನ ಪಾಡು ಇವೆರಡರಲ್ಲಿ ಯಾವುದು ಎಂಬ ಚರ್ಚೆಯಿಂದ ಅವರಲ್ಲಿ ಎರಡು ಪಂಗಡಗಳೇ ಆದವು. ಯೂರೋಪಿನಲ್ಲಿ ಆಗಸ್ಟೀನನಿಗೂ ಪೆಲೇಜಿಯಸನಿಗೂ ನಡೆದ ವಾದದ ತಿರುಳು ಇದಕ್ಕೆ ದೂರದ್ದಲ್ಲ.

ಜರ್ಮನಿಯ ರುಡಾಲ್ಫ್ ಆಟೋ 1930ರಲ್ಲಿ ಭಾರತದ ಕೃಪಾಧರ್ಮವನ್ನು ಕ್ರೈಸ್ತಧರ್ಮದೊಡನೆ ಹೋಲಿಸಿ ಗ್ರಂಥವನ್ನೇ ಪ್ರಕಟಿಸಿದರು. ಭಕ್ತಿಪಂಥಗಳಲ್ಲಿ ಕೃಪೆ ಉಂಟೆಂಬುದನ್ನು ಅವರು ಮುಕ್ತಮನಸ್ಸಿನಿಂದ ಒಪ್ಪಿದರು. ಎರಡರ ಅಚ್ಚುಗಳು ಮಾತ್ರ ಬೇರೆಯೆಂದರು. ಒಂದರಲ್ಲಿ ಕೃಪೆ ಸಂಸಾರದ ಬಂಧನದಿಂದ ಬಿಡಿಸುತ್ತದೆ, ಇನ್ನೊಂದರಲ್ಲಿ ಪಾಪದ ಅಪರಾಧದಿಂದ. ಈ ಭೇದ ನಿಜವಾದುದು. ಆದರೆ ಆಟೋ ಅವರು ಕ್ರೈಸ್ತಧರ್ಮವನ್ನು ಅದಕ್ಕೆ ಹತ್ತಿರವಿದ್ದ ಭಕ್ತಿಯೊಡನೆ ಹೋಲಿಸಿದ್ದರಿಂದ ಅದರ ಮೊನೆ ಅಷ್ಟಾಗಿ ಕಾಣಲಿಲ್ಲ. ದೂರವಿರುವ ಜೈನದರ್ಶನದ ಎದುರಿಗಿಟ್ಟಾಗ ಅದು ಸ್ಪಷ್ಟವಾಗುತ್ತದೆ.

ಜೈನರಲ್ಲಿ ಕರ್ಮವೆಂಬುದು ದ್ರವ್ಯ. ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗಗಳಿಂದ ಅದು ಜೀವಕ್ಕೆ ಹರಿದುಬಂದು ಅಂಟುತ್ತದೆ, ಎಣ್ಣೆ ಸವರಿದ ಮೈಗೆ ಧೂಳು ಅಂಟಿದಂತೆ. ಸಂವರದಿಂದ ಹೊಸ ಧೂಳನ್ನು ತಡೆಯಬೇಕು, ನಿರ್ಜರೆಯಿಂದ ಹಳೆಯದನ್ನು ಉದುರಿಸಬೇಕು. ಇಲ್ಲಿ ಅಪರಾಧಕ್ಕೆ ಒಳಗಾದ ದೇವನಿಲ್ಲ, ತೀರ್ಪು ಕೊಡುವವನಿಲ್ಲ. ಆದ್ದರಿಂದ ಕ್ಷಮಿಸುವವನೂ ಇಲ್ಲ. ಧೂಳನ್ನು ಕ್ಷಮಿಸಲು ಬರುವುದಿಲ್ಲ, ತೊಳೆಯಬೇಕಷ್ಟೆ. ದಶಲಕ್ಷಣ ಪರ್ವದ ಕೊನೆಯಲ್ಲಿ ಶ್ರಾವಕರು ಪರಸ್ಪರ ಕ್ಷಮೆ ಕೇಳುವ ಕ್ಷಮಾವಣಿ ಇದೆಯಲ್ಲ ಎನ್ನಬಹುದು. ಅದರಿಂದ ಕೇಳಿದವನ ಮಾನಕಷಾಯ ಕರಗುತ್ತದೆ, ಕ್ಷಮಿಸಿದವನ ಕ್ರೋಧಕಷಾಯ ಕರಗುತ್ತದೆ. ಒಬ್ಬನ ಕರ್ಮವನ್ನು ಇನ್ನೊಬ್ಬನು ಅಳಿಸಿದಂತಾಗುವುದಿಲ್ಲ. ಪಂಪನ ಆದಿಪುರಾಣದ ಬಾಹುಬಲಿಗೆ ಭರತನ ವಂದನೆಯ ಬಳಿಕ ಕೇವಲಜ್ಞಾನ ದೊರೆಯುವುದೂ ಹೀಗೆಯೇ. ಭರತನು ಕೇವಲ ನಿಮಿತ್ತ. ಮನಸ್ಸಿನಲ್ಲಿ ಉಳಿದಿದ್ದ ಎಳೆಯಷ್ಟು ಅಳುಕನ್ನು ಕಳೆದುಕೊಂಡವನು ಬಾಹುಬಲಿಯೇ.

ಬೈಬಲಿನಲ್ಲಿ ಪಾಪಕ್ಕೆ ಹಲವು ರೂಪಕಗಳಿವೆ. ಅವುಗಳಲ್ಲಿ ಬಹಳ ಪ್ರಬಲವಾದದ್ದು ಸಾಲದ ರೂಪಕ; ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಗ್ರೀಕ್ ಮೂಲದಲ್ಲಿ, ಮತ್ತಾಯನ ಪಾಠದಂತೆ, ತಪ್ಪು ಎಂಬ ಸ್ಥಾನದಲ್ಲಿ ಇರುವುದು ಸಾಲವೆಂಬ ಪದವೇ. ಸಾಲವೆಂದೊಡನೆ ಸಾಲ ಕೊಟ್ಟ ಒಬ್ಬ ವ್ಯಕ್ತಿ ಎದುರಿಗೆ ನಿಲ್ಲುತ್ತಾನೆ. ಆತನು ಮನ್ನಾ ಮಾಡಬಹುದು. ಬೇರೊಬ್ಬನು ಸಾಲಗಾರನ ಪರವಾಗಿ ತೀರಿಸಲೂಬಹುದು. ಕ್ರೈಸ್ತ ಸಿದ್ಧಾಂತದ ವಿಶಿಷ್ಟತೆಯೆಲ್ಲ ಈ ಕೊನೆಯ ಸಾಧ್ಯತೆಯಲ್ಲಿ ನಿಂತಿದೆ: ಒಬ್ಬನ ಭಾರವನ್ನು ಇನ್ನೊಬ್ಬನು ಹೊರಬಲ್ಲನು, ಹೊತ್ತಿದ್ದಾನೆ. ಮಾಧ್ವರ ವಿಷ್ಣು ಪ್ರಸನ್ನನಾಗುತ್ತಾನೆ, ಬಿಡಿಸುತ್ತಾನೆ. ಜೀವನ ಬದಲಿಗೆ ತಾನು ಸಾಯುವುದಿಲ್ಲ. ಕೃಪೆ ಬೇರೆಡೆಯೂ ಉಂಟು. ಕೃಪೆ ಮಾಡುವವನೇ ಬೆಲೆ ತೆರುವುದು, ಅದೂ ತನ್ನ ಪ್ರಾಣದಿಂದ, ಒಂದೇ ಸಾರಿ, ಇತಿಹಾಸದ ಒಂದು ದಿನ: ಇದು ಸೋಂದೆಯ ಮೂರು ಮಠಗಳಲ್ಲಿ ಯಾವುದರಲ್ಲಿಯೂ ಇಲ್ಲ.

ಇತಿಹಾಸವೆಂಬ ಮಾತನ್ನು ಒತ್ತಿ ಹೇಳಬೇಕು. ಕ್ರೈಸ್ತರು ಆರಾಧನೆಯಲ್ಲಿ ಹೇಳುವ ವಿಶ್ವಾಸಪ್ರಮಾಣದಲ್ಲಿ ಪೊಂತ್ಯ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರು ಬರುತ್ತದೆ. ಆತನು ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಆಡಳಿತ ನೋಡಿಕೊಂಡಿದ್ದವನು. ತತ್ತ್ವವನ್ನು ಹೇಳಬೇಕಾದಲ್ಲಿ ಒಬ್ಬ ಪ್ರಾಂತಾಧಿಕಾರಿಯ ಹೆಸರೇಕೆ ಬೇಕು? ಆ ಘಟನೆ ನಡೆಯದಿದ್ದರೆ ರಕ್ಷಣೆಯೇ ಇಲ್ಲವೆಂಬ ಕಾರಣದಿಂದ ಬೇಕು. ಕ್ರಿಸ್ತನು ಎದ್ದುಬರದೆ ಇದ್ದಿದ್ದರೆ ನಂಬಿಕೆಯೆಲ್ಲ ವ್ಯರ್ಥವೆಂಬ ಅರ್ಥದ ಮಾತನ್ನು ಪೌಲನೇ ಕೊರಿಂಥದವರಿಗೆ ಬರೆದನು. ಜೈನದರ್ಶನಕ್ಕೆ ಇಂತಹ ಅವಲಂಬನೆಯಿಲ್ಲ. ವರ್ಧಮಾನನು ಕುಂಡಗ್ರಾಮದಲ್ಲಿ ಹುಟ್ಟದೆ ಇದ್ದಿದ್ದರೂ ರತ್ನತ್ರಯ ಸತ್ಯವಾಗಿಯೇ ಇರುತ್ತಿತ್ತು. ತೀರ್ಥಂಕರನು ದಾರಿಯನ್ನು ತೋರಿಸುವವನು. ದಾರಿ ಅವನಿಂದ ಆದದ್ದಲ್ಲ.

ಭಾರತೀಯ ದರ್ಶನಗಳಿಗೆ ಈ ಪರಾರ್ಥಭಾರದ ಮಾತು ಸುಲಭವಾಗಿ ಇಳಿಯುವುದಿಲ್ಲ. ನಮ್ಮ ತಾರ್ಕಿಕರಲ್ಲಿ ಕೃತಹಾನಿ, ಅಕೃತಾಭ್ಯಾಗಮ ಎಂಬ ಎರಡು ದೋಷಗಳ ಹೆಸರು ಪ್ರಸಿದ್ಧ. ಮಾಡಿದ್ದರ ಫಲ ತಪ್ಪಿಹೋಗುವುದು ಒಂದು, ಮಾಡದ್ದರ ಫಲ ಬಂದೊದಗುವುದು ಮತ್ತೊಂದು. ಪಾಪಿ ಬಿಡುಗಡೆ ಹೊಂದಿ ನಿಷ್ಪಾಪಿ ಸತ್ತರೆ ಎರಡೂ ದೋಷಗಳು ಒಟ್ಟಿಗೆ ಬಂದಂತಾಯಿತಲ್ಲ! ಇದು ಗಂಭೀರವಾದ ಆಕ್ಷೇಪ. ಕ್ರೈಸ್ತಚಿಂತಕರಿಗೂ ಇದು ಹೊಳೆಯದೆ ಇರಲಿಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮನು ದೇವರು ಮನುಷ್ಯನಾದದ್ದೇಕೆ ಎಂದು ಕೇಳಿಕೊಂಡು, ದೇವರ ಗೌರವಕ್ಕೆ ಬಂದ ಕುಂದನ್ನು ಮನುಷ್ಯನೇ ತುಂಬಿಕೊಡಬೇಕಾಗಿತ್ತು, ದೇವರಿಂದಲ್ಲದೆ ಅದು ಆಗುತ್ತಿರಲಿಲ್ಲ, ಆದ್ದರಿಂದ ಎರಡೂ ಆದವನು ಬೇಕಾಯಿತೆಂದು ಉತ್ತರಿಸಿದನು. ಮುಂದಿನ ಪೀಳಿಗೆಯ ಅಬೆಲಾರ್ಡನಿಗೆ ಇದು ರುಚಿಸಲಿಲ್ಲ. ಶಿಲುಬೆಯಲ್ಲಿ ತೋರಿದ ಪ್ರೇಮ ನೋಡುವವನ ಹೃದಯವನ್ನು ತಿರುಗಿಸುತ್ತದೆ ಎಂಬುದರ ಮೇಲೆ ಅವನು ಒತ್ತು ಕೊಟ್ಟನು. ಪೂರ್ವದ ಆರ್ಥಡಾಕ್ಸ್ ಸಭೆಗಳು ಸಾಲದ ಲೆಕ್ಕವನ್ನು ಅಷ್ಟಾಗಿ ಹಚ್ಚಿಕೊಳ್ಳದೆ, ಮನುಷ್ಯನು ದೈವಿಕ ಜೀವನದಲ್ಲಿ ಪಾಲುಗೊಳ್ಳುವುದನ್ನೇ ಮುಖ್ಯವೆಂದುಕೊಂಡವು. ಅಬೆಲಾರ್ಡನ ನಿಲುವು ಜೈನನಿಗೆ ಎಲ್ಲಕ್ಕಿಂತ ಹತ್ತಿರದ್ದು: ಜಿನಬಿಂಬವನ್ನು ನೋಡಿದವನ ಪರಿಣಾಮ ಶುದ್ಧವಾಗುವಂತೆ. ಆದರೆ ಆ ನಿಲುವು ಒಂದೇ ಸಾಕೆಂದರೆ ಕ್ರೈಸ್ತಸಭೆಗಳ ಬಹುಪಾಲು ಒಪ್ಪುವುದಿಲ್ಲ. ಹತ್ತಿರವಾದದ್ದನ್ನೇ ಸಾರವೆಂದು ಆರಿಸಿಕೊಳ್ಳುವುದು ತೌಲನಿಕ ಅಧ್ಯಯನದ ಹಳೆಯ ಚಾಳಿ.

ಹೀಗೆ ಪ್ರಶ್ನೆ ಬಲಿಯ ಬಳಿಗೆ ಬಂದು ನಿಲ್ಲುತ್ತದೆ. ಬಲಿಯ ಅರ್ಥವನ್ನು ಶಿರಸಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯಲ್ಲಿ ಹಿಂದೆ ಕೋಣನನ್ನು ಕಡಿಯುತ್ತಿದ್ದರು. 1930ರ ದಶಕದಲ್ಲಿ ಗಾಂಧೀಜಿಯವರ ಪ್ರಭಾವದಿಂದ ಅದು ನಿಂತಿತು. ಅದಕ್ಕಿಂತ ಏಳು ಶತಮಾನಗಳಷ್ಟು ಹಿಂದೆ, 1209ರಲ್ಲಿ, ಜನ್ನನು ಯಶೋಧರ ಚರಿತೆಯನ್ನು ಚಂಡಮಾರಿಯ ಗುಡಿಯಲ್ಲಿ ಆರಂಭಿಸಿ ಅಲ್ಲಿಯೇ ಮುಗಿಸಿದ್ದನು. (ಅವನಿಗೆ ಮಾದರಿಯಾದ ಸಂಸ್ಕೃತ ಕಾವ್ಯದ ಕರ್ತೃವಿನ ಹೆಸರೂ ವಾದಿರಾಜ, ಆತನು ಹನ್ನೊಂದನೆಯ ಶತಮಾನದ ಜೈನಮುನಿ, ಸೋದೆಯವರಲ್ಲ. ಗೊಂದಲ ಅಪರೂಪವೇನೂ ಅಲ್ಲ.) ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಜೀವಂತ ಕೋಳಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಷ್ಟಕ್ಕೇ ತಾಯಿಮಕ್ಕಳು ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟಿಹುಟ್ಟಿ ಸಾಯುತ್ತಾರೆ. ಹಿಟ್ಟಿಗೆ ಪ್ರಾಣವಿಲ್ಲದೆ ಇರಬಹುದು. ಕೊಲ್ಲುವ ಸಂಕಲ್ಪ ಮಾತ್ರ ನಿಜವಾದದ್ದು. ಬದಲಿ ವಸ್ತುವಿನಿಂದ ಪಾರಾಗುವ ದಾರಿಯನ್ನು ಜನ್ನನು ಮುಚ್ಚಿದ ರೀತಿ ಇದು. ಬಲಿ ಜೀವವನ್ನು ಉಳಿಸಲಾರದು, ಕಟ್ಟುತ್ತದೆ.

ಜನ್ನನ ಸೋದರಳಿಯ ಕೇಶಿರಾಜ. ಅವನ ಶಬ್ದಮಣಿದರ್ಪಣವನ್ನು ಬಾಸೆಲ್ ಮಿಶನ್ನಿನ ಕಿಟ್ಟೆಲ್ಲರು 1872ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು. ಅದೇ ವರ್ಷ ಅವರದೇ ‘ಯಜ್ಞಸುಧಾನಿಧಿ’ಯೂ ಹೊರಬಂತು; ಅದರ ವಿಷಯ ಯಜ್ಞ. ಹತ್ತು ವರ್ಷ ಹಿಂದೆ, 1862ರಲ್ಲಿ, ಕ್ರಿಸ್ತನ ಚರಿತೆಯನ್ನು ಕನ್ನಡದ ಷಟ್ಪದಿಗಳಲ್ಲಿ ಹಾಡಿದ ‘ಕಥಾಮಾಲೆ’ಯನ್ನು ರಚಿಸಿದವರೂ ಅವರೇ. ಜೈನರು ಕಟ್ಟಿದ ವ್ಯಾಕರಣ, ಛಂದಸ್ಸುಗಳನ್ನು ಕಿಟ್ಟೆಲ್ಲರಷ್ಟು ಪ್ರೀತಿಯಿಂದ ಉಳಿಸಿದ ಪರದೇಶಿ ಇಲ್ಲ. ಆ ಕನ್ನಡದಿಂದಲೇ ಅವರು ಹೇಳಹೊರಟದ್ದು ಜೈನಕವಿಗಳು ಎಲ್ಲಕ್ಕಿಂತ ಹೆಚ್ಚಾಗಿ ನಿರಾಕರಿಸಿದ್ದ ವಿಷಯವನ್ನು, ಒಂದು ಬಲಿ ಉದ್ಧರಿಸಬಲ್ಲುದು ಎಂಬುದನ್ನು. ಕನ್ನಡ ಸಾಹಿತ್ಯಚರಿತ್ರೆ ಕಿಟ್ಟೆಲ್ಲರನ್ನು ನಿಘಂಟುಕಾರರೆಂದು ಕೊಂಡಾಡುತ್ತ ಅವರ ಮತಚಿಂತನೆಯನ್ನು ಮುಜುಗರದ ವಿಷಯವೆಂಬಂತೆ ಬದಿಗೆ ಸರಿಸಿದೆ. ಶಬ್ದಮಣಿದರ್ಪಣವನ್ನೂ ಯಜ್ಞಸುಧಾನಿಧಿಯನ್ನೂ ಒಂದೇ ವರ್ಷ ಅಚ್ಚಿಗೆ ಕೊಟ್ಟ ಮನಸ್ಸನ್ನು ಇಡಿಯಾಗಿ ಓದದೆ ಕಿಟ್ಟೆಲ್ಲರ ಅಧ್ಯಯನ ಪೂರ್ಣವಾಗುವುದಿಲ್ಲ.

ಆದರೂ ಹಿಟ್ಟಿನ ಕೋಳಿಯ ತರ್ಕವನ್ನು ಶಿಲುಬೆಗೆ ನೇರವಾಗಿ ಅನ್ವಯಿಸಿದರೆ ತಪ್ಪಾಗುತ್ತದೆ. ಕನ್ನಡ ಕಥೋಲಿಕರು ತಮ್ಮ ಮುಖ್ಯ ಆರಾಧನೆಯನ್ನು ‘ಬಲಿಪೂಜೆ’ ಎನ್ನುತ್ತಾರೆ. ಅಲ್ಲಿ ಸ್ವೀಕರಿಸುವುದು ‘ಪರಮಪ್ರಸಾದ’. ಎರಡೂ ಪದಗಳು ಮಾರಿಗುಡಿಯ ಪಕ್ಕದವರಿಗೆ ಹೊಸವಲ್ಲ. ಬಲಿಪೀಠದ ಮೇಲೆ ಇರುವುದು ಗೋಧಿಹಿಟ್ಟಿನ ರೊಟ್ಟಿ. ಇಲ್ಲಿಯೂ ಹಿಟ್ಟು ಎಂದು ಜೈನ ಓದುಗನ ಕಣ್ಣು ಅರಳದೆ ಇರದು. ಆದರೆ ಯಶೋಧರನ ಕೈಯಲ್ಲಿ ಕತ್ತಿ ಇತ್ತು. ಬಲಿಪೂಜೆಯಲ್ಲಿ ಯಾರೂ ಕೊಲ್ಲುವ ಸಂಕಲ್ಪ ಮಾಡುವುದಿಲ್ಲ. ಕೊಲ್ಲಲ್ಪಟ್ಟವನು ತಾನಾಗಿ ಕೊಟ್ಟುಕೊಂಡದ್ದನ್ನು ಸ್ವೀಕರಿಸುತ್ತಾರೆ. ಪ್ರಾಣಿಬಲಿಗಳಿಂದ ಪಾಪ ಹೋಗದೆಂದು ಇಬ್ರಿಯರಿಗೆ ಬರೆದ ಪತ್ರಿಕೆಯೇ ವಾದಿಸುತ್ತದೆ, ಬಲಿಗಳ ಸಾಲು ಇಲ್ಲಿಗೆ ಮುಗಿಯಿತೆನ್ನುತ್ತದೆ. ಬಲಿಯನ್ನು ನಿಲ್ಲಿಸುವುದರಲ್ಲಿ ಜನ್ನನಿಗೂ ಆ ಪತ್ರಿಕೆಯ ಕರ್ತೃವಿಗೂ ಒಮ್ಮತವುಂಟು. ಬಲಿಯ ಬೇಡಿಕೆಯೇ ಸುಳ್ಳೆಂದು ಒಬ್ಬನು ನಿಲ್ಲಿಸುತ್ತಾನೆ. ಬೇಡಿಕೆ ಪೂರ್ತಿಯಾಗಿ ಸಂದಿತೆಂದು ಇನ್ನೊಬ್ಬನು. ಜನ್ನನ ಗುಡಿಯಲ್ಲಿ ನರಬಲಿಗಾಗಿ ಎಳೆದುತಂದ ಅಭಯರುಚಿ, ಅಭಯಮತಿಯರು ತಮ್ಮ ಹಿಂದಿನ ಭವಗಳ ಕಥೆಯನ್ನು ಹೇಳಿ ಮಾರಿದತ್ತನನ್ನು ತಿರುಗಿಸುತ್ತಾರೆ. ಸುವಾರ್ತೆಗಳಲ್ಲಿ ಎಳೆದುತಂದವನು ಪಿಲಾತನ ಮುಂದೆ ಬಹುಮಟ್ಟಿಗೆ ಮೌನವಾಗಿರುತ್ತಾನೆ, ಸಾಯುತ್ತಾನೆ. ಎರಡು ಕಥೆಗಳ ಅಂತರ ಯಾವ ಸಿದ್ಧಾಂತಗ್ರಂಥಕ್ಕಿಂತಲೂ ಇಲ್ಲಿ ನಿಚ್ಚಳವಾಗಿದೆ.

ಕ್ರೈಸ್ತರೊಳಗಿನ ಜಗಳವನ್ನು ಮರೆತು ‘ಕ್ರೈಸ್ತ ನಂಬಿಕೆ’ ಎಂದು ಏಕವಚನದಲ್ಲಿ ಬರೆಯುವುದೂ ಸರಿಯಲ್ಲ. ನಂಬಿಕೆಯಿಂದ ಮಾತ್ರವೋ, ನಂಬಿಕೆಯಿಂದ ಹುಟ್ಟಿದ ಸತ್ಕ್ರಿಯೆಗೂ ಪಾಲುಂಟೋ ಎಂದು 1517ರಿಂದ ಕಾದಾಡಿದವರು 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ, ಲೂಥರನ್ ಒಕ್ಕೂಟ ಮತ್ತು ಕಥೋಲಿಕ ಸಭೆಯಾಗಿ, ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಕ್ರಿಸ್ತನನ್ನು ಅರಿಯದವರಿಗೂ ರಕ್ಷಣೆ ಸಾಧ್ಯವೆಂದು 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಒಪ್ಪಿತು. ಅವರಲ್ಲಿ ಕ್ಯಾಲ್ವಿನನ ಅನುಯಾಯಿಗಳು ಮಾತ್ರ ಬೇರೊಂದು ಕಠಿಣ ಮಾತು ಹೇಳಿದರು: ಯಾರು ಉಳಿಯಬೇಕು, ಯಾರು ಉಳಿಯಬಾರದು ಎಂಬುದು ದೇವರ ಪೂರ್ವನಿರ್ಣಯ. ಇದನ್ನು ಕ್ರೂರವೆಂದು ಟೀಕಿಸುವ ಮುನ್ನ ಸೋಂದೆಯತ್ತ ನೋಡಬೇಕು. ಎಂದೂ ಮೋಕ್ಷವಿಲ್ಲದ ತಮೋಯೋಗ್ಯ ಜೀವರು ಮಧ್ವಮತದಲ್ಲಿ ಇದ್ದಾರೆ; ಎಂದೂ ಮೋಕ್ಷ ಪಡೆಯದ ಅಭವ್ಯಜೀವಗಳು ಜೈನಾಗಮದಲ್ಲಿ ಇವೆ. ಜೈನನಲ್ಲಿ ಅದು ಯಾರ ಆಜ್ಞೆಯೂ ಅಲ್ಲ, ಜೀವದ ಪಾರಿಣಾಮಿಕ ಸ್ವಭಾವ ಎಂಬುದು ಸಮಾಧಾನ. ಅಭವ್ಯಜೀವಕ್ಕೆ ಅದರಿಂದ ಎಷ್ಟು ಸಮಾಧಾನವಾದೀತೋ ಹೇಳಲಾಗದು.

ದೇಹದ ವಿಷಯದಲ್ಲಿಯೂ ಕ್ರೈಸ್ತರ ಕಲ್ಪನೆ ಬೇರೆ. ಸಿದ್ಧಜೀವವು ಅಶರೀರಿಯಾಗಿ ಲೋಕಾಗ್ರದಲ್ಲಿ ನೆಲೆಸುತ್ತದೆ; ಕ್ರೈಸ್ತನು ನಿರೀಕ್ಷಿಸುವುದು ಶರೀರದ ಪುನರುತ್ಥಾನವನ್ನು. ಆದ್ದರಿಂದಲೇ ಶವವನ್ನು ಮಣ್ಣಿಗಿಡುವುದು ಅವರಲ್ಲಿ ಬಹುಕಾಲದ ರೂಢಿಯಾಯಿತು.

ಸತ್ತವರಿಗಾಗಿ ಉಳಿದವರು ಏನಾದರೂ ಮಾಡಬಹುದೇ ಎಂಬ ಪ್ರಶ್ನೆಯಲ್ಲಿ ಈ ಭೇದಗಳೆಲ್ಲ ಮನೆಯೊಳಗೆ ಬರುತ್ತವೆ. ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕಥೋಲಿಕರು ಮೂವರೂ ಇದ್ದಾರೆ. ‘ಹಿರಿಯರ’ ಪೂಜೆ ಅವರಲ್ಲಿ ಮತದ ಗೆರೆಗಳನ್ನು ದಾಟಿದ ಕೊಂಡಿಯೆಂದು ಅವರನ್ನು ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಕಥೋಲಿಕರು ನವೆಂಬರ್ 2ರಂದು ಮೃತರಿಗಾಗಿ ಬಲಿಪೂಜೆ ಮಾಡಿಸುತ್ತಾರೆ, ಶುದ್ಧೀಕರಣದಲ್ಲಿರುವ ಆತ್ಮಗಳಿಗೆ ಪ್ರಾರ್ಥನೆ ಮುಟ್ಟುತ್ತದೆಂದು ನಂಬುತ್ತಾರೆ. ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಪರಂಪರೆ ಅದನ್ನು ಒಪ್ಪಲಿಲ್ಲ. ಹವ್ಯಕರ ಮನೆಯಲ್ಲಿ ಶ್ರಾದ್ಧ ನಡೆಯುತ್ತದೆ. ಜೈನಾಚಾರ್ಯರು ಶ್ರಾದ್ಧವನ್ನು ನಿರಾಕರಿಸಿದರು: ಹೋದ ಜೀವ ಕೆಲವೇ ಸಮಯಗಳಲ್ಲಿ ಮತ್ತೊಂದು ಗತಿಯನ್ನು ಸೇರಿಯಾಗಿರುತ್ತದೆ, ಇಟ್ಟ ಪಿಂಡ ಯಾರನ್ನು ಮುಟ್ಟಬೇಕು? ಯಶೋಧರನ ಕಥೆಯಲ್ಲಿ ಮಗನು ತಂದೆಯ ಸದ್ಗತಿಗೆಂದು ಶ್ರಾದ್ಧ ಮಾಡಿಸುವಾಗ ತಂದೆ ಅದೇ ಅರಮನೆಯ ಅಡುಗೆಮನೆಯಲ್ಲಿ ಆಡಾಗಿ ಕಟ್ಟಿಹಾಕಿಸಿಕೊಂಡು ನಿಂತಿರುತ್ತಾನೆ.